ಭದ್ರಾವತಿಯಲ್ಲಿ ಮೂರು ದಿನ

2025ರ ಜನವರಿಯಲ್ಲಿ, ಪುಷ್ಯಮಾಸದಲ್ಲಿ, ಭದ್ರಾವತಿಯಲ್ಲಿರುವ ನನ್ನ ತಂಗಿಯು ಒಂದು ಸಂಜೆ ಫೋನುಮಾಡಿ, "ಅಣ್ಣ, ಮನೆ ಮಾರುವ ಮಾತು ಎದ್ದಿದೆ. ನೀನು ಒಂದು ಸಲ ಬಂದು ಲೆಕ್ಕ ನೋಡಿ ಹೋಗು" ಎಂದಳು. ನಾನು ಬ್ಯಾಂಕೊಂದರಲ್ಲಿ ಮೂವತ್ತನಾಲ್ಕು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ನಮ್ಮ ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಿ ಹಣದ ಪ್ರಶ್ನೆ ಬಂದರೂ ನನ್ನನ್ನು ಕರೆಯುವುದು ವಾಡಿಕೆ. ಆದರೆ ತಂಗಿಯು ಕರೆದಾಗ ನನಗೆ ಸ್ವಲ್ಪ ಅಳುಕಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಬೆಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಹೊರಟೆನು. ತುಮಕೂರು ಕಳೆದ ಮೇಲೆ ತೆಂಗಿನ ತೋಟಗಳು, ಅರಸೀಕೆರೆಯಲ್ಲಿ ಕಾಫಿ, ಇಡ್ಲಿ, ಕಡೂರಿನ ಬಯಲು. ಬೀರೂರಿನಲ್ಲಿ ಹುಬ್ಬಳ್ಳಿಯ ದಾರಿ ಒಂದು ಕಡೆಗೆ, ಶಿವಮೊಗ್ಗೆಯ ದಾರಿ ಇನ್ನೊಂದು ಕಡೆಗೆ ಕವಲೊಡೆಯುತ್ತವೆ. ಅಲ್ಲಿಂದ ಮುಂದೆ ಎಡಗಡೆಯಲ್ಲಿ ಬೆಟ್ಟದ ಸಾಲು ಕಣ್ಣಿಗೆ ಬೀಳುತ್ತದೆ, ಗಾಳಿಗೆ ತಂಪು ಬರುತ್ತದೆ, ಬಯಲುಸೀಮೆಯವನಿಗೂ ಮಲೆನಾಡಿನ ಬಾಗಿಲಿಗೆ ಬಂದೆನೆಂದು ತಿಳಿದುಹೋಗುತ್ತದೆ.

ತರೀಕೆರೆಯಲ್ಲಿ ರೈಲು ನಿಂತಾಗ ನಾನು ಕಿಟಕಿಯ ಕಡೆ ನೋಡಲಿಲ್ಲ. ಅಲ್ಲಿ ನಮ್ಮ ತಂದೆಯವರ ಮನೆಯಿದ್ದಿತು. ಅವರು ತೀರಿಕೊಂಡ ಮೇಲೆ, 2009ರಲ್ಲಿ, ನಾನು ಅದನ್ನು ಮಾರಿಬಿಟ್ಟೆನು. ಆ ಹೊತ್ತಿಗೆ ಅಮೆರಿಕದಲ್ಲಿ ಮನೆಗಳ ಬೆಲೆ ಕುಸಿದು, ಅದರ ಪೆಟ್ಟು ಲೋಕಕ್ಕೆಲ್ಲ ತಗಲಿ, ನಮ್ಮಲ್ಲಿಯೂ ಕೊಳ್ಳುವವರು ಹಿಂದೆಗೆದಿದ್ದ ಕಾಲ. ಇನ್ನೂ ಇಳಿದೀತೆಂಬ ಹೆದರಿಕೆಯಲ್ಲಿ ಮೊದಲು ಬಂದವನು ಹೇಳಿದ ಬೆಲೆಗೇ ಒಪ್ಪಿದೆನು. ನಾಲ್ಕು ವರ್ಷ ಕಳೆಯುವುದರೊಳಗೆ ಅದೇ ಬೀದಿಯಲ್ಲಿ ಬರಿಯ ನಿವೇಶನಕ್ಕೆ ಅದರ ಎರಡರಷ್ಟು ಬಂದಿತು. ನಷ್ಟವಾದ ಹಣವನ್ನು ಮರೆಯಬಹುದು. ತಂಗಿಯನ್ನು ಒಂದು ಮಾತು ಕೇಳದೆ, ಕಾಗದಕ್ಕೆ ರುಜು ಹಾಕುವ ದಿವಸ ಮಾತ್ರ ಕರೆಯಿಸಿಕೊಂಡೆನಲ್ಲ, ಅದು ಮರೆಯುವಂಥದಲ್ಲ. ಅವಳು ಆ ದಿನ ಏನೂ ಹೇಳಲಿಲ್ಲ. ಹಿತ್ತಲಿಗೆ ಹೋಗಿ ಕರಿಬೇವಿನ ಗಿಡದ ಬುಡದಿಂದ ಒಂದು ಮರಿ ಕಿತ್ತು, ಹಾಲಿನ ಚೀಲದಲ್ಲಿ ಕಟ್ಟಿಕೊಂಡು ಹೋದಳು.

ಭದ್ರಾವತಿಯ ನಿಲ್ದಾಣದಲ್ಲಿ ಭಾವಮೈದುನರು ಕಾದಿದ್ದರು. ನನ್ನ ಕೈಚೀಲವನ್ನು ತಾವೇ ತೆಗೆದುಕೊಂಡು, "ಪ್ರಯಾಣದಲ್ಲಿ ತೊಂದರೆಯಾಗಲಿಲ್ಲವಷ್ಟೆ, ಭಾವ?" ಎಂದರು. ಮನುಷ್ಯನು ಇಳಿದುಹೋಗಿದ್ದರು. ಮನೆ ಸೇರುವವರೆಗೆ ಇಬ್ಬರೂ ಹೆಚ್ಚು ಮಾತನಾಡಲಿಲ್ಲ.

ಈ ಊರಿನ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇದರ ಹಳೆಯ ಹೆಸರು ಬೆಂಕಿಪುರ. ಭದ್ರಾನದಿಯ ದಡದಲ್ಲಿರುವುದರಿಂದ ಅನಂತರ ಭದ್ರಾವತಿಯಾಯಿತು. ಹೆಸರು ಹೋದರೂ ಬೆಂಕಿಯು ಹೋಗಲಿಲ್ಲ. 1923ರಲ್ಲಿ ಇಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯು ಹೊತ್ತಿಕೊಂಡಿತು. ಸಂಸ್ಥಾನದಲ್ಲಿ ಕಲ್ಲಿದ್ದಲು ಇಲ್ಲ. ಆದರೆ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇದ್ದಿತು, ಸುತ್ತಲೂ ಮಲೆನಾಡಿನ ಕಾಡಿದ್ದಿತು. ಕಾಡಿನ ಸೌದೆಯನ್ನು ಇದ್ದಲು ಮಾಡಿ, ಆ ಇದ್ದಲಿನಿಂದ ಅದಿರನ್ನು ಕರಗಿಸಿ ಬೀಡುಕಬ್ಬಿಣವನ್ನು ತೆಗೆದರು. ಸೌದೆಯ ಹೊಗೆಯನ್ನೂ ಬಿಡದೆ ಹಿಡಿದು ಮದ್ಯಸಾರ, ಡಾಂಬರುಗಳನ್ನು ಇಳಿಸಿದರು. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟ ಮೇಲೆಯೂ ಈ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಇದನ್ನು ಎತ್ತಿ ನಿಲ್ಲಿಸಿದರು. ಮುಂದೆ ಇದಕ್ಕೆ ಅವರ ಹೆಸರೇ ಬಂದಿತು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ನಾವು ಹುಡುಗರಾಗಿದ್ದಾಗ ಬರೆದ ಕಾಗದವೂ, ಆಮೇಲೆ ಮನೆಗೆ ಬರುತ್ತಿದ್ದ ಎಷ್ಟೋ ಪತ್ರಿಕೆಗಳ ಕಾಗದವೂ ಈ ಊರಿನದೇ. ಒಂದು ಕಡೆ ಕಬ್ಬಿಣದವರ ನ್ಯೂಟೌನು, ಇನ್ನೊಂದು ಕಡೆ ಕಾಗದನಗರ, ನದಿಯ ಬಳಿಯಲ್ಲಿ ಹಳೇನಗರ, ಹೀಗೆ ಒಂದು ಊರಿನಲ್ಲಿ ಮೂರು ಊರು.

ಅಂಥ ಊರಿನಲ್ಲಿ ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತುವು. ಕಬ್ಬಿಣದ ಕಾರ್ಖಾನೆಯು 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದೊಳಗೆ ಸೇರಿದ್ದಿತು. 2019ರಲ್ಲಿ ಅದನ್ನು ಮಾರಲು ಹೊರಟರು, ಕೊಳ್ಳುವವರು ದೊರೆಯಲಿಲ್ಲ. 2022ರಲ್ಲಿ ಮಾರಾಟವನ್ನು ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವುದೆಂದು ತೀರ್ಮಾನಿಸಿದರು. ಗುತ್ತಿಗೆಯ ಕೆಲಸಗಾರರು ಬಾಗಿಲಲ್ಲಿ ಕುಳಿತರು. ಅದೇ ವರ್ಷ ಮಳೆಗಾಲದಲ್ಲಿ ಸರಳು ಉರುಳಿಸುವ ಕೆಲಸವು ಮತ್ತೆ ಅಲ್ಪಸ್ವಲ್ಪ ನಡೆಯಿತು. ಹೀಗೆ ಪೂರ್ತಿ ಸತ್ತುದೂ ಇಲ್ಲ, ಪೂರ್ತಿ ಬದುಕಿದುದೂ ಇಲ್ಲ. ಜನಗಣತಿಯನ್ನು ನೋಡಿದರೆ, 2001ರಲ್ಲಿ ಸುಮಾರು 1 ಲಕ್ಷ 60 ಸಾವಿರವಿದ್ದ ಊರಿನ ಜನ 2011ರಲ್ಲಿ 1 ಲಕ್ಷ 51 ಸಾವಿರಕ್ಕೆ ಇಳಿದಿದ್ದಾರೆ. ನಾಡಿನ ಪಟ್ಟಣಗಳೆಲ್ಲ ಉಬ್ಬುತ್ತಿರುವ ಕಾಲದಲ್ಲಿ ಒಂದು ಪಟ್ಟಣ ಕುಗ್ಗಿತೆಂದರೆ ಅಲ್ಲಿಯ ಮನೆಗಳ ಬೆಲೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಂಗಿಯ ಮನೆಯಿರುವುದು ಜನ್ನಾಪುರದಲ್ಲಿ. ಮೂವತ್ತು ನಲವತ್ತರ ನಿವೇಶನ, ಎರಡು ಕೋಣೆ, ನಡುಮನೆ, ಹಿತ್ತಲಲ್ಲಿ ಒಗೆಯುವ ಕಲ್ಲು. ಆ ಕಲ್ಲಿನ ಪಕ್ಕದಲ್ಲಿ ಆಳೆತ್ತರ ಬೆಳೆದ ಕರಿಬೇವು. ಅದನ್ನು ನಾನು ನೋಡಿದುದನ್ನು ಅವಳೂ ನೋಡಿದಳು. ಬೀದಿಯಲ್ಲಿ ಹದಿನಾಲ್ಕು ಮನೆಗಳಿವೆ. ಅವುಗಳಲ್ಲಿ ನಾಲ್ಕಕ್ಕೆ ಬೀಗ. ಒಂದರ ಗೇಟಿಗೆ ಕಟ್ಟಿದ ‘ಮಾರಾಟಕ್ಕಿದೆ’ ಎಂಬ ಹಲಗೆಯು ಬಿಸಿಲಿಗೆ ಬಿಳಚಿ, ಫೋನಿನ ಅಂಕೆಗಳೇ ಕಾಣದಂತಾಗಿದ್ದುವು. ಬೀಗ ಹಾಕಿದ ಮನೆಯ ಮುಂದೆಯೂ ತಂಗಿಯು ದಿನವೂ ನೀರು ಚಿಮುಕಿಸಿ ಒಂದೆಳೆ ರಂಗೋಲಿ ಎಳೆಯುತ್ತಾಳೆ. ಏಕೆಂದು ಕೇಳಿದುದಕ್ಕೆ, "ನಮ್ಮ ಬಾಗಿಲ ಎದುರಿಗೇ ಇದೆಯಲ್ಲ, ಬರಿದಾಗಿ ಕಂಡರೆ ಊಟ ಸೇರುವುದಿಲ್ಲ" ಎಂದಳು.

ಭಾವಮೈದುನರು ಮೊದಲು ಒಂದು ಕಾರ್ಖಾನೆಯಲ್ಲಿದ್ದು, ಆಮೇಲೆ ಸ್ವಂತವಾಗಿ ಒಂದು ಲೇತು, ಒಂದು ಕೊರೆಯುವ ಯಂತ್ರ ಇಟ್ಟುಕೊಂಡು ಬಿಡಿಭಾಗಗಳನ್ನು ಕಡೆದುಕೊಡುತ್ತಿದ್ದರು. ಕೊಡುವವರೇ ಬಡವಾದ ಮೇಲೆ ತೆಗೆದುಕೊಳ್ಳುವವರ ಗತಿ ಏನು? ತಿಂಗಳಿಗೆ ನಲವತ್ತು ಸಾವಿರ ಉಳಿಯುತ್ತಿದ್ದ ಕಡೆ ಇಪ್ಪತ್ತನಾಲ್ಕಕ್ಕೆ ಬಂದು ನಿಂತಿದೆ. ಈಗ ಬೆಂಗಳೂರಿನ ಪೀಣ್ಯದಿಂದ, ಹಳೆಯ ಸ್ನೇಹಿತರೊಬ್ಬರ ಮೂಲಕ, 34 ಸಾವಿರದ ಮೇಲ್ವಿಚಾರಕನ ಕೆಲಸಕ್ಕೆ ಕರೆ ಬಂದಿದೆ. ಮಗಳು ಎರಡನೆಯ ಪಿ.ಯು.ಸಿ.ಯಲ್ಲಿದ್ದಾಳೆ, ಮಗನು ಎಂಟನೆಯ ತರಗತಿ. ಅವರಲ್ಲದೆ ಎಂಬತ್ತೊಂದು ವರ್ಷದ ತಾಯಿಯವರು. ದಲ್ಲಾಳಿಯು ಒಬ್ಬ ಗಿರಾಕಿಯನ್ನು ತಂದಿದ್ದಾನೆ. 26 ಲಕ್ಷ ಕೊಡುತ್ತಾನಂತೆ, ಹದಿನೈದು ದಿನದೊಳಗೆ ಹೇಳಬೇಕಂತೆ. ಇಂಥ ‘ಅಂತೆ’ಗಳಿಗೆ ನಾನು ಬ್ಯಾಂಕಿನಲ್ಲಿದ್ದಾಗಿನಿಂದಲೂ ಹೆದರುತ್ತೇನೆ.

ಎರಡನೆಯ ದಿನ ಬೆಳಿಗ್ಗೆ ಭಾವಮೈದುನರೊಡನೆ ಹಳೇನಗರಕ್ಕೆ ಹೋಗಿ ಲಕ್ಷ್ಮೀನರಸಿಂಹಸ್ವಾಮಿಯ ದರ್ಶನ ಮಾಡಿದೆನು. ಹದಿಮೂರನೆಯ ಶತಮಾನದ ಹೊಯ್ಸಳ ಕಟ್ಟಡ. ಮೂರು ಗರ್ಭಗುಡಿಗಳ ತ್ರಿಕೂಟ. ಬೇಲೂರು ಹಳೇಬೀಡುಗಳಿಗೆ ನೂರು ಜನ ಹೋದರೆ ಇಲ್ಲಿಗೆ ಒಬ್ಬನು ಬರುವುದೂ ಅಪರೂಪ. ಅದರಿಂದ ನೆಮ್ಮದಿಯಾಗಿ ಕುಳಿತು ನೋಡಬಹುದು. ಜಗತಿಯ ಮೇಲೆ ಎಳೆಬಿಸಿಲಿನಲ್ಲಿ ಇಬ್ಬರು ಮುದುಕರು ಕುಳಿತು, ಸೋಗಾನೆಯ ವಿಮಾನನಿಲ್ದಾಣದಿಂದ ತಮ್ಮ ನಿವೇಶನಗಳ ಬೆಲೆ ಏರಿತೇ ಇಲ್ಲವೇ ಎಂದು ವಾದಿಸುತ್ತಿದ್ದರು. ಆ ನಿಲ್ದಾಣವು 2023ರ ಫೆಬ್ರವರಿಯಲ್ಲಿ ತೆರೆಯಿತು. ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಇದೆ. ಅದನ್ನು ನಂಬಿ ನಿವೇಶನ ಕೊಂಡವರೂ ಇದ್ದಾರೆ, ಅದನ್ನು ತೋರಿಸಿ ಮಾರಿದವರೂ ಇದ್ದಾರೆ. ಮುದುಕರ ವಾದವು ತೀರುವ ಲಕ್ಷಣ ಕಾಣಲಿಲ್ಲ. ನಾವು ಎದ್ದು ಹೊಳೆಯ ಕಡೆಗೆ ಹೋದೆವು.

ಸೇತುವೆಯ ಮೇಲೆ ನಿಂತರೆ ಭದ್ರೆಯು ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಮೇಲೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು, ಕೆಳಗೆ ಕೂಡಲಿಯಲ್ಲಿ ತುಂಗೆಯ ಸಂಗಮ. ಭಾವಮೈದುನರು ಅಲ್ಲಿ ಬಾಯಿಬಿಟ್ಟರು. "ಭಾವ, ನನಗೆ ಮನೆಯ ಚಿಂತೆ ಅಷ್ಟಿಲ್ಲ. ಸಾಯಂಕಾಲ ಬಾಗಿಲು ತೆರೆದು ಲೇತಿನ ಮುಂದೆ ನಿಂತರೆ ಕೆಲಸವಿರುವುದಿಲ್ಲ. ಸುಮ್ಮನೆ ಎಣ್ಣೆ ಹಾಕಿ ಒರಸಿ ಬರುತ್ತೇನೆ. ಅದು ಸಹಿಸುವುದಿಲ್ಲ" ಎಂದರು. ನಾನು ಆವರೆಗೆ ಈ ಪ್ರಶ್ನೆಯನ್ನು ಮನೆಯ ಬೆಲೆಯ ಪ್ರಶ್ನೆಯೆಂದೇ ತಿಳಿದಿದ್ದೆನು.

ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಎಲ್ಲರೂ ಕುಳಿತು ಲೆಕ್ಕಕ್ಕೆ ತೊಡಗಿದೆವು. ಮಗಳ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆನು. ಮನೆವಾರ್ತೆ ನಡೆಸುವ ವಾಚಕರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿಯೂ ಕೊಡುತ್ತೇನೆ.

ಈಗ ಆದಾಯ 24 ಸಾವಿರ. ಮನೆಸಾಲದ ಕಂತು 7 ಸಾವಿರ. ಉಳಿಯುವುದು 17 ಸಾವಿರ. ಬೆಂಗಳೂರಿಗೆ ಹೋದರೆ ಸಂಬಳ 34 ಸಾವಿರ. ದಾಸರಹಳ್ಳಿಯ ಕಡೆ ಐದು ಜನ ಹಿಡಿಯುವ ಮನೆಗೆ ಬಾಡಿಗೆ 14 ಸಾವಿರವೆಂದು ಸ್ನೇಹಿತರು ವಿಚಾರಿಸಿ ತಿಳಿಸಿದ್ದರು. ಇಲ್ಲಿಯ ಮನೆಯನ್ನು ಬಾಡಿಗೆಗೆ ಕೊಟ್ಟರೆ 5 ಸಾವಿರ ಬರಬಹುದು, ಕಂತು 7 ಸಾವಿರ ಕಟ್ಟಲೇಬೇಕು. ಎಲ್ಲವನ್ನೂ ಕಳೆದು ಕೂಡಿದರೆ ಉಳಿಯುವುದು 18 ಸಾವಿರ. ಎಂದರೆ ಊರು ಬಿಟ್ಟು, ಮನೆ ಬಿಟ್ಟು, ಮಕ್ಕಳ ಶಾಲೆ ಬಿಡಿಸಿ ದೊರೆಯುವ ಲಾಭ ತಿಂಗಳಿಗೆ ಒಂದು ಸಾವಿರ! ಬೀದಿಯಲ್ಲಿ ನಾಲ್ಕು ಮನೆಗೆ ಬೀಗ ಬಿದ್ದಿರುವಾಗ ಬಾಡಿಗೆಯವರು ದೊರೆಯದೆ ಹೋದರೆ ಉಳಿಯುವುದು 13 ಸಾವಿರವೇ.

"ಹಾಗಾದರೆ ಮಾರಿಯೇ ಹೋದರೆ?" ಎಂದು ಮಗಳು ಕೇಳಿದಳು. ಹುಡುಗಿ ಚುರುಕು. ಬರೆದು ನೋಡಿದೆವು. 26 ಲಕ್ಷದಲ್ಲಿ ಸಾಲದ 5 ಲಕ್ಷ ಕಳೆದರೆ 21 ಲಕ್ಷ. ಬ್ಯಾಂಕಿನಲ್ಲಿ ನೂರಕ್ಕೆ ಏಳರಂತೆ ಇಟ್ಟರೆ ತಿಂಗಳಿಗೆ 12,250 ರೂಪಾಯಿ ಬಡ್ಡಿ. ಕಂತು ಇಲ್ಲ. ಸಂಬಳಕ್ಕೆ ಅದನ್ನು ಕೂಡಿ ಬಾಡಿಗೆ ಕಳೆದರೆ 32,250. ಈಗಿರುವ 17 ಸಾವಿರದ ಎರಡರಷ್ಟಕ್ಕೆ ಹತ್ತಿರ! ಎಲ್ಲರ ಮುಖವೂ ಅರಳಿತು. ನಿಜ ಹೇಳುತ್ತೇನೆ, ನನ್ನ ಮುಖವೂ ಅರಳಿತು. 2009ರಲ್ಲಿ ನಾನು ಹೀಗೆಯೇ ಒಂದು ಹಾಳೆಯನ್ನು ಬರೆದು ಇಂಥ ಸಂತೋಷವನ್ನೇ ಪಟ್ಟಿದ್ದೆನು.

ಆದುದರಿಂದ ಲೇಖನಿಯನ್ನು ಕೆಳಗಿಡಲಿಲ್ಲ. ಬೆಂಗಳೂರಿನ ಬಾಡಿಗೆ ವರ್ಷವರ್ಷಕ್ಕೆ ಏರುತ್ತದೆ, ಬಡ್ಡಿ ಏರುವುದಿಲ್ಲ. ನೂರಕ್ಕೆ ಹತ್ತರಂತೆ ಏರಿದರೆ 14 ಸಾವಿರವು ಏಳು ವರ್ಷದಲ್ಲಿ 27 ಸಾವಿರವಾಗುತ್ತದೆ. ಅಷ್ಟರಲ್ಲಿ ಮಗಳ ಓದು, ಮಗನ ಓದು, ಮದುವೆ ಎಂದು ಆ 21 ಲಕ್ಷವು ಕರಗದೆ ಉಳಿಯುವುದೇ? ಕರಗಿದ ಮೇಲೆ ಬೆಂಗಳೂರಿನಲ್ಲಿ ಮನೆ ಕೊಳ್ಳುವ ಮಾತಿಲ್ಲ, ಭದ್ರಾವತಿಯಲ್ಲಿಯೂ ಇಲ್ಲ. ಮತ್ತೂ ಒಂದು ಲೆಕ್ಕ ಉಂಟು. 2006ರಲ್ಲಿ ನಿವೇಶನಕ್ಕೂ ಮನೆಗೂ ಸೇರಿ ಅವರು ಹಾಕಿದುದು ಹನ್ನೊಂದೂವರೆ ಲಕ್ಷ. ಆದಾಯತೆರಿಗೆಯವರು ವರ್ಷವರ್ಷದ ಬೆಲೆಯೇರಿಕೆಗೆ ಒಂದು ಸೂಚ್ಯಂಕವನ್ನು ಇಟ್ಟಿದ್ದಾರೆ. 2006–07ಕ್ಕೆ ಅದು 122, 2024–25ಕ್ಕೆ 363. ಅದರಂತೆ ಅಂದಿನ ಹನ್ನೊಂದೂವರೆ ಲಕ್ಷವು ಇಂದಿನ 34 ಲಕ್ಷಕ್ಕೆ ಸಮ. 26ಕ್ಕೆ ಮಾರಿದರೆ ತೆರಿಗೆ ಬೀಳುವುದಿಲ್ಲ. ಲಾಭಕ್ಕೆ ತೆರಿಗೆ ಹಾಕಲು ಕಾದಿರುವವರೇ ‘ನಿಮಗೆ ಎಂಟು ಲಕ್ಷ ನಷ್ಟವಾಯಿತು, ಹೋಗಿ’ ಎಂದು ಬಿಟ್ಟುಬಿಡುವ ಮಾರಾಟ ಅದು.

ಹಾಗೆಂದು ಕಾದರೆ ಬೆಲೆ ಬರುವುದೆಂದು ನಾನು ಹೇಳಲಾರೆನು. ತರೀಕೆರೆಯಲ್ಲಿ ಕಾದಿದ್ದರೆ ಬರುತ್ತಿದ್ದಿತು. ಆ ಇಳಿತವು ಲೋಕದ ಇಳಿತ, ಲೋಕವು ಸುಧಾರಿಸಿಕೊಂಡೊಡನೆ ಅದೂ ಸುಧಾರಿಸಿತು. ಭದ್ರಾವತಿಯ ಇಳಿತವು ಈ ಊರಿನದೇ. ಕುಲುಮೆಯು ಮತ್ತೆ ಹೊತ್ತಿದರೆ ಒಂದು ಮಾತು, ಹೊತ್ತದಿದ್ದರೆ ಇನ್ನೊಂದು. ಒಂದು ಕಡೆ ಸುಟ್ಟುಕೊಂಡವನು ಎಲ್ಲ ಕಡೆಯೂ ಊದಿ ಕುಡಿಯಬೇಕೆಂದು ಉಪದೇಶಿಸುವುದು ಸುಲಭ. ಆದರೆ ನನ್ನ ಹಳೆಯ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿ ತಂಗಿಯ ಮನೆಯನ್ನು ಕಟ್ಟಿಹಾಕುವುದು ನ್ಯಾಯವಲ್ಲ. ಅದನ್ನು ಅವಳ ಎದುರಿಗೇ ಹೇಳಿದೆನು. ಅವಳು ಸೆರಗಿನ ಅಂಚನ್ನು ಸುತ್ತುತ್ತಾ, "ಆವಾಗ ನೀನು ಕೇಳಲಿಲ್ಲ, ಅಣ್ಣ. ಈವಾಗ ನಾನೇ ಕೇಳುತ್ತಿದ್ದೇನೆ. ಅಷ್ಟು ಸಾಕು" ಎಂದಳು.

ಅಷ್ಟು ಹೊತ್ತೂ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯವರು ಆಗ ಮಾತನಾಡಿದರು. ಅವರು ಮದುವೆಯಾಗಿ ಹೊಳೆನರಸೀಪುರದ ಕಡೆಯಿಂದ ಒಂದು ತಗಡಿನ ಪೆಟ್ಟಿಗೆಯೊಡನೆ ಈ ಊರಿಗೆ ಬಂದವರು. "ನನಗೆ ಇಲ್ಲಿ ಗುಡಿಯ ಗಂಟೆ ಕೇಳಿಸುತ್ತಿರಲಿಲ್ಲ, ಕಾರ್ಖಾನೆಯ ಕೂಗು ಕೇಳಿಸುತ್ತಿತ್ತು. ಎಂಟು ದಿನ ಅತ್ತೆ. ಆಮೇಲೆ ಆ ಕೂಗಿಗೇ ಅನ್ನಕ್ಕಿಡುವುದು ಅಭ್ಯಾಸವಾಯಿತು. ಬೆಂಗಳೂರಿಗೆ ಹೋದರೂ ಎಂಟು ದಿನ ಅಳುತ್ತೇನೆ, ಸರಿಹೋಗುತ್ತದೆ. ಮುದುಕಿ ಏನು ಮಾಡುತ್ತಾಳೋ ಎಂದು ನನ್ನ ಹೆಸರು ಹೇಳಿಕೊಂಡು ನಿಲ್ಲಬೇಡಿರಿ, ಹೋಗಲೂಬೇಡಿರಿ. ಲೆಕ್ಕ ಸರಿಯಾಗಿ ಹಾಕಿರಿ" ಎಂದು ಹೇಳಿ ಬತ್ತಿಯ ಡಬ್ಬಿ ಮುಚ್ಚಿ ಮಲಗಲು ಹೋದರು. ನನ್ನ ಹಾಳೆಯಲ್ಲಿ ಅವರಿಗಾಗಿ ಒಂದು ಪಂಕ್ತಿ ಬರೆದಿದ್ದೆನು. ಅದನ್ನು ಹೊಡೆದುಹಾಕಿದೆನು.

ಮಲಗುವ ಮೊದಲು ತಂಗಿಯು ಇನ್ನೊಂದು ಮಾತು ತೆಗೆದಳು. ಶಿವಮೊಗ್ಗೆಯ ಸುತ್ತ ಎರಕದ ಕಾರ್ಖಾನೆಗಳು ಇವೆ. ಭದ್ರಾವತಿಯ ಬೀಡುಕಬ್ಬಿಣದ ನೆರಳಿನಲ್ಲಿ ಹುಟ್ಟಿದ ಕಸಬು ಅದು, ತಾಯಿ ಬಡವಾದರೂ ಮಕ್ಕಳು ಗಟ್ಟಿಯಾಗಿದ್ದಾರೆ. ಎರಕ ಹೊಯ್ದ ಮೇಲೆ ಕಡೆಯಬೇಕಷ್ಟೆ. ಮಾಚೇನಹಳ್ಳಿಯ ಕೈಗಾರಿಕಾ ವಸಾಹತು ಇಲ್ಲಿಂದ ಅರ್ಧ ಗಂಟೆಯ ದಾರಿ. "ಇವರು ಅಲ್ಲಿ ಹೋಗಿ ಒಂದು ಸಲವೂ ಕೇಳಿಲ್ಲ. ಇಷ್ಟು ವರ್ಷ ಕೆಲಸವೇ ಇವರನ್ನು ಹುಡುಕಿಕೊಂಡು ಬಂದಿತ್ತು, ಈಗ ತಾವಾಗಿ ಹೋಗಿ ಕೇಳಲು ನಾಚಿಕೆ" ಎಂದಳು. ಭಾವಮೈದುನರು ಎದ್ದುಹೋಗಿ ಬಾಗಿಲ ಚಿಲಕವನ್ನು ಎರಡು ಸಲ ನೋಡಿ ಬಂದರು. ಉತ್ತರ ಕೊಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವರು ಇಸ್ತ್ರಿಯ ಅಂಗಿ ತೊಟ್ಟು, ತಾವು ಕಡೆದ ನಾಲ್ಕು ಮಾದರಿಗಳನ್ನು ಹಳೆಯ ಟವಲಿನಲ್ಲಿ ಸುತ್ತಿಕೊಂಡು, "ಭಾವ, ಸುಮ್ಮನೆ ಜೊತೆಗೆ ಬನ್ನಿ" ಎಂದರು. ಬಸ್ಸಿನಲ್ಲಿ ಹೋದೆವು. ಮೊದಲನೆಯ ಎರಡು ಕಡೆ ಕಾವಲುಗಾರನನ್ನು ದಾಟುವುದೇ ಆಗಲಿಲ್ಲ. ಮೂರನೆಯ ಕಡೆ ಕಾಯಿಸಿದರು. ನಾಲ್ಕನೆಯ ಕಡೆ ನಡುವಯಸ್ಸಿನ ಒಬ್ಬ ಇಂಜಿನಿಯರು ಟವಲು ಬಿಚ್ಚಿಸಿ, ಅಳತೆಯ ಕಡ್ಡಿಯಿಂದ ಒಂದೊಂದನ್ನೂ ಅಳೆದು, ಬೆಳಕಿಗೆ ಹಿಡಿದು ನೋಡಿದರು. "ಯಾರ ಕೈ ಕೆಳಗೆ ಕಲಿತಿರಿ?" ಎಂದರು. ಭಾವಮೈದುನರು ಹೇಳಿದರು. ಅವರು ತಲೆದೂಗಿ, ಐವತ್ತು ಒರಟು ಎರಕಗಳನ್ನು ಮಾದರಿಗಾಗಿ ಕಡೆದು ತರಲು ಕೊಟ್ಟರು. ದರ ಹೆಚ್ಚಿನದಲ್ಲ, ಮುಂದೆ ಕೊಡುತ್ತೇವೆಂಬ ಮಾತನ್ನೂ ಅವರು ಆಡಲಿಲ್ಲ. ಐವತ್ತು ಎರಕವೆಂದರೆ ಎರಡು ಗೋಣಿ. ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ. ಒಂದು ಲಗೇಜು ಆಟೋ ಹಿಡಿದು, ಗೋಣಿಗಳ ಮೇಲೆಯೇ ಕುಳಿತು ಹಿಂದಿರುಗಿದೆವು. ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಮಾಡಿದ ಪ್ರಯಾಣಗಳಲ್ಲಿ ಸೊಂಟಕ್ಕೆ ಅಷ್ಟು ನೋವು ಕೊಟ್ಟುದು ಬೇರೊಂದಿಲ್ಲ.

ಆ ಸಂಜೆ ಗೊತ್ತಾದುದು ಇಷ್ಟು. ಹದಿನೈದು ದಿನದ ಗಿರಾಕಿಗೆ ಇಲ್ಲವೆಂದು ಹೇಳುವುದು. ಆದರೂ ಮನೆಯ ಕಾಗದಪತ್ರಗಳನ್ನು, ಇ-ಖಾತೆಯನ್ನು ಈಗಲೇ ಸರಿಮಾಡಿಟ್ಟುಕೊಳ್ಳುವುದು. ಮಾರುವ ದಿನ ಬಂದರೆ ಅವಸರದಿಂದ ಬೆಲೆ ಬಿಡುವಂತಾಗಬಾರದು. ಪೀಣ್ಯದವರನ್ನು ಯುಗಾದಿಯವರೆಗೆ ಅವಕಾಶ ಕೇಳುವುದು. ಅವರು ಒಪ್ಪದಿದ್ದರೆ, ಮಾಚೇನಹಳ್ಳಿಯೂ ಕೈಕೊಟ್ಟರೆ, ಭಾವಮೈದುನರು ಒಬ್ಬರೇ ಹೋಗಿ ಆರು ತಿಂಗಳು ಕೋಣೆಯಲ್ಲಿದ್ದು ನೋಡುವುದು. ಮಗಳ ಪರೀಕ್ಷೆ ಮುಗಿಯುವವರೆಗೆ ಉಳಿದವರು ಕದಲುವುದಿಲ್ಲ. ಇಂಜಿನಿಯರಿಂಗು ದೊರೆತರೆ ಶಿವಮೊಗ್ಗೆಯಲ್ಲಿಯೇ ಕಾಲೇಜಿದೆ, ದಿನವೂ ಹೋಗಿಬರಬಹುದು. ಆದರೆ ಅವಳ ಮನಸ್ಸು ಬೆಂಗಳೂರಿನ ಮೇಲಿದೆಯೆಂದು ಅವಳ ಮುಖವೇ ಹೇಳುತ್ತಿದ್ದಿತು. ಆ ಪಂಕ್ತಿಯನ್ನು ಖಾಲಿ ಬಿಟ್ಟೆನು.

ಮರುದಿನ ಬೆಳಗಿನ ಜಾವ ನಾನು ಹೊರಡುವ ಹೊತ್ತಿಗೆ ಹಿಂದಿನ ಷೆಡ್ಡಿನಲ್ಲಿ ದೀಪ ಉರಿಯುತ್ತಿತ್ತು; ಲೇತು ತಿರುಗುವ ಸದ್ದು, ಉಳಿ ತಾಕಿದಾಗಿನ ಸಣ್ಣ ಕಿರಿಚು ಕೇಳಿಸುತ್ತಿದ್ದುವು. ಅತ್ತೆಯವರು ಆ ಸದ್ದಿಗೇ ಎದ್ದು ಒಲೆಯ ಮೇಲೆ ನೀರಿಟ್ಟಿದ್ದರು. ತಂಗಿಯು ನಿಲ್ದಾಣದವರೆಗೆ ಬಂದು, ಬುತ್ತಿಯ ಜೊತೆಗೆ ಹಾಲಿನ ಚೀಲವೊಂದನ್ನು ನನ್ನ ಕೈಗಿತ್ತಳು. ಅದರಲ್ಲಿ ಒದ್ದೆ ಮಣ್ಣು, ಗೇಣುದ್ದದ ಕರಿಬೇವಿನ ಮರಿ. "ಕುಂಡದಲ್ಲಾದರೂ ಹಾಕು. ಮೊದಲು ಎಂಟು ದಿನ ಬಾಡಿದ ಹಾಗೆ ಕಾಣುತ್ತದೆ, ಕಿತ್ತು ಬಿಸಾಡಬೇಡ" ಎಂದಳು.

ತರೀಕೆರೆಯಲ್ಲಿ ರೈಲು ನಿಂತಾಗ ಚೀಲವು ಬಿಸಿಲಿಗೆ ಬಿದ್ದೀತೆಂದು ಅದನ್ನು ಈಚೆ ಸರಿಸಿ, ಕಿಟಕಿಯ ಪಕ್ಕದಲ್ಲಿ ನಾನೇ ಕುಳಿತೆನು.